ಮಂಗಳನಲ್ಲಿ ಮಣ್ಣೆಲ್ಲಿದೆ?

ಮಾನ್ಯ ಕೇಳುಗರಿಗೆ ನಮಸ್ಕಾರ. ಮನುಷ್ಯ ಬೇರೆ ಗ್ರಹದಲ್ಲಿ ಬದುಕಬಲ್ಲನೇ ಎಂಬ ವಿಷಯವಾಗಿ ಮಾತನಾಡಬೇಕೆಂದು ನಿಲಯದವರು ಕೇಳಿದಾಗ, ತೋಟತೋಟ ಸುತ್ತಿ ಮಣ್ಣು ಪರೀಕ್ಷೆ ಮಾಡಿಕೊಂಡೇ ಮೂವತ್ತು ವರ್ಷ ಕಳೆದ ನನ್ನನ್ನೇಕೆ ಕರೆದರೆಂದು ಅಚ್ಚರಿಯಾಯಿತು. ಆಮೇಲೆ, ಕರೆದದ್ದೇ ಸರಿ ಎನ್ನಿಸಿತು. ರಾಕೆಟ್ಟಿನ ಮಾತನ್ನು ಎಲ್ಲರೂ ಆಡುತ್ತಾರೆ. ಮಣ್ಣಿನ ಮಾತನ್ನು ಯಾರೂ ಎತ್ತುವುದಿಲ್ಲ.

ನಮ್ಮ ಮಂಗಳಯಾನ 2013ರ ನವೆಂಬರ್ 5ರಂದು ಹೊರಟು 2014ರ ಸೆಪ್ಟೆಂಬರ್ 24ರಂದು ಆ ಗ್ರಹದ ಕಕ್ಷೆಯನ್ನು ಸೇರಿತು. ಆದರೆ ಹೋಗಿ ಸುತ್ತುವುದು ಬೇರೆ, ಅಲ್ಲಿ ಒಲೆ ಹೂಡುವುದು ಬೇರೆ. ಅಲ್ಲಿಯ ಗಾಳಿಯ ಒತ್ತಡ ನಮ್ಮಲ್ಲಿಯದರ ನೂರರಲ್ಲಿ ಒಂದು ಪಾಲೂ ಇಲ್ಲ. ಇರುವ ಗಾಳಿಯಲ್ಲಿ ಶೇಕಡಾ 95 ಭಾಗ ಇಂಗಾಲದ ಡೈ ಆಕ್ಸೈಡ್. ಇರಲಿ, ಅದಕ್ಕೆ ಯಂತ್ರ ಮಾಡಬಹುದು. ಮಣ್ಣಿಗೇನು ಮಾಡುತ್ತೀರಿ? ಮಂಗಳನಲ್ಲಿ ಇರುವುದು ಕೆಂಪು ದೂಳು, ಅದು ಮಣ್ಣಲ್ಲ.

2018ರ ಆಗಸ್ಟ್‌ನಲ್ಲಿ ನಮ್ಮ ಕೊಡಗಿನ ಗುಡ್ಡಗಳು ಕುಸಿದದ್ದನ್ನು ನಿಮಗೆ ನಾನು ನೆನಪಿಸಬೇಕಾಗಿಲ್ಲ. ಮರುವರ್ಷ ಮಡಿಕೇರಿಯಾಚೆಯ ಒಂದು ತೋಟಕ್ಕೆ ಹೋಗಿದ್ದೆ. ಮೇಲ್ಮಣ್ಣೆಲ್ಲ ಹೊಳೆಪಾಲಾಗಿ ಒಳಗಿನ ಹಳದಿಗೆಂಪು ಮಣ್ಣು ಬಾಯಿಬಿಟ್ಟಿತ್ತು. ಗೊಬ್ಬರ ಕೊಟ್ಟರೆ ಇದರಲ್ಲೂ ಗಿಡ ಬರುತ್ತದೆಂದು ನಾನು ಗತ್ತಿನಿಂದಲೇ ಹೇಳಿದೆ. ಎಪ್ಪತ್ತು ದಾಟಿದ ಆ ಮನೆಯ ಅಜ್ಜಿ ಒಂದು ಹಿಡಿ ತೆಗೆದುಕೊಂಡು, ನೀರು ಚಿಮುಕಿಸಿ, ಮೂಗಿಗೆ ಹಿಡಿದು, "ಇದಕ್ಕೆ ವಾಸನೆಯೇ ಇಲ್ಲವಲ್ಲ ಸಾರ್" ಎಂದರು. ನಾನು ಬಿಡಲಿಲ್ಲ. ಸಸಿ ಬೆಳೆಸುವ ನೂರು ಪ್ಲಾಸ್ಟಿಕ್ ತೊಟ್ಟೆಗಳಿಗೆ ಆ ಮಣ್ಣನ್ನೇ ತುಂಬಿಸಿ, ರಾಸಾಯನಿಕ ಗೊಬ್ಬರವನ್ನು ಗ್ರಾಂ ಲೆಕ್ಕದಲ್ಲಿ ಕೊಡಿಸಿದೆ. ಅಜ್ಜಿ ಪಕ್ಕದಲ್ಲೇ ಕಾಡುಮಣ್ಣು, ಹಟ್ಟಿಗೊಬ್ಬರ, ಮರಳು ಬೆರೆಸಿ ತಮ್ಮ ನೂರು ತೊಟ್ಟೆ ಇಟ್ಟರು. ಒಂದೇ ಪಾತಿಯ, ಟೋಪಿ ಎನ್ನುವ ಎಳೆಯ ಕಾಫಿ ಸಸಿಗಳು, ಒಂದೇ ಚಪ್ಪರ, ಒಂದೇ ನೀರು. ಮಳೆ ಹಿಡಿಯುವ ಹೊತ್ತಿಗೆ ಅವರ ಗಿಡಗಳು ನಾಲ್ಕೈದು ಜೊತೆ ಎಲೆ ಬಿಟ್ಟಿದ್ದವು. ನನ್ನವು ಎರಡು ಜೊತೆಗೇ ನಿಂತಿದ್ದವು, ಅವೂ ಹಳದಿ. ತೊಟ್ಟೆ ಸೀಳಿ ನೋಡಿದರೆ ಮಣ್ಣು ಇಟ್ಟಿಗೆಯಾಗಿತ್ತು, ಒಳಹೊಗಲಾರದ ಬೇರು ಅಂಚಿನಲ್ಲೇ ಸುತ್ತಿಕೊಂಡಿತ್ತು. ಅಜ್ಜಿ ಏನೂ ಅನ್ನಲಿಲ್ಲ, ಕಾಫಿ ಕೊಟ್ಟರು.

ಕಾಫಿಯ ಹೂವರಳಿಸುವ ಹೂಮಳೆ ಬಿದ್ದ ಸಂಜೆ ತೋಟದಿಂದ ಏಳುವ ವಾಸನೆ ಇದೆಯಲ್ಲ, ಅವರು ಹುಡುಕಿದ್ದು ಅದನ್ನು. ಅದು ಮಣ್ಣಿನೊಳಗಿನ ಸೂಕ್ಷ್ಮಜೀವಿಗಳದು. ಕುಸಿದ ಗುಡ್ಡಕ್ಕಾದರೂ ಪಕ್ಕದ ಕಾಡಿನ ತರಗೆಲೆ ಬಂದು ಬೀಳುತ್ತದೆ, ಎರೆಹುಳ ಬರುತ್ತದೆ. ಮಂಗಳನಿಗೆ ಪಕ್ಕದ ಕಾಡು ಯಾವುದು? ಸಾಲದ್ದಕ್ಕೆ ಅಲ್ಲಿನ ದೂಳಿನಲ್ಲಿ ಥೈರಾಯ್ಡ್ ಗ್ರಂಥಿಯ ಕೆಲಸ ಕೆಡಿಸುವ ಪರ್ಕ್ಲೋರೇಟ್ ಎಂಬ ಲವಣವಿದೆಯೆಂದು ಫೀನಿಕ್ಸ್ ನೌಕೆ 2008ರಲ್ಲೇ ಪತ್ತೆ ಮಾಡಿತು.

ಇಲ್ಲಿಂದಲೇ ಮಣ್ಣು ಒಯ್ಯೋಣ ಎನ್ನುವವರಿದ್ದಾರೆ. ಅಮೆರಿಕದ ಅರಿಜೋನಾದಲ್ಲಿ 1991ರಲ್ಲಿ ಎಂಟು ಮಂದಿ ಬಯೋಸ್ಫಿಯರ್ 2 ಎಂಬ ಗಾಜಿನ ಮಹಾಮನೆಯೊಳಗೆ ಎರಡು ವರ್ಷ ಬಾಗಿಲು ಹಾಕಿಕೊಂಡು ಬೇಸಾಯ ಮಾಡಿದರು. ಸಾವಯವ ಅಂಶ ಹೆಚ್ಚಿದ್ದ ಅಲ್ಲಿನ ಮಣ್ಣಿನ ಜೀವಿಗಳು ಆಮ್ಲಜನಕವನ್ನು ಎಷ್ಟು ಉಂಡವೆಂದರೆ, ಅದು ಶೇಕಡಾ 21ರಿಂದ ಸುಮಾರು 14ಕ್ಕೆ ಇಳಿದು, ಹೊರಗಿನಿಂದ ತುಂಬಿಸಬೇಕಾಯಿತು. ಮಣ್ಣು ಇಲ್ಲದಿದ್ದರೂ ಕಷ್ಟ, ಅಳತೆ ತಪ್ಪಿದರೂ ಕಷ್ಟ.

ವಿಕಿರಣ, ಕಡಿಮೆ ಗುರುತ್ವ ಎಂದೆಲ್ಲ ಬರೆದುಕೊಂಡು ಬಂದಿದ್ದೆ. ಅಜ್ಜಿಯ ಕಥೆಯೇ ಸಮಯವನ್ನು ನುಂಗಿತು. ಮಂಗಳನಲ್ಲಿ ಕಾಫಿ ಬೆಳೆಯಬಹುದೇ ಎಂದು ಮೊನ್ನೆ ಶಾಲೆಯ ಹುಡುಗನೊಬ್ಬ ಕೇಳಿದ. ಜನವರಿಯಲ್ಲಿ ಪಾತಿಗೆ ಹಾಕಬೇಕಾದ ರೊಬಸ್ಟಾ ಕಾಫಿ ಬೀಜವನ್ನು ಮರೆತು, ಮೊಳೆಯುವ ಶಕ್ತಿ ಇಳಿದ ಮೇಲೆ ಮಳೆಗಾಲದಲ್ಲಿ ಬಿತ್ತಿದವರಿಗೆ ಎಷ್ಟು ಮೊಳಕೆ ಬಂತೆಂದು ನಿನ್ನ ಮನೆಯಲ್ಲೇ ವಿಚಾರಿಸು ಎಂದೆ. ಮಂಗಳನ ದಾರಿ ಸುಮಾರು ಏಳು ತಿಂಗಳದು. ನಮಸ್ಕಾರ.