ಗಡ್ಡೆ ತೆಗೆದಾಯ್ತಲ್ಲ, ಮತ್ತೆ ಕರೆಂಟ್ ಯಾಕೆ?

(ತೆರೆಯ ಮೇಲೆ: ಸ್ತನದ ರೇಖಾಚಿತ್ರ, ಗಡ್ಡೆ ಇದ್ದ ಜಾಗ ಖಾಲಿ)

ನಮಸ್ಕಾರ. ಸ್ತನ ಉಳಿಸಿ ಕ್ಯಾನ್ಸರ್ ಗಡ್ಡೆಯನ್ನಷ್ಟೇ ತೆಗೆದಿದ್ದಾರೆ. ಗಾಯ ಮಾಗಿದೆ. ಆಗ ಡಾಕ್ಟರು 'ರೇಡಿಯೇಷನ್ ಬೇಕು' ಅಂತಾರೆ. ನಮ್ಮಲ್ಲಿ 'ಕರೆಂಟ್ ಕೊಡೋದು' ಅಂತೀವಲ್ಲ, ಅದೇ. ಮನೆಯವರು ಕೇಳೋದು ಒಂದೇ: ಎಲ್ಲಾ ತೆಗೆದಾಯ್ತು ಅಂದಿರಲ್ಲ, ಮತ್ತೆ ಇದ್ಯಾಕೆ?

ತೆಗೆದಿರುವುದು ಕಾಣುವ ಗಡ್ಡೆಯನ್ನು. ಕಾಣದ ಕ್ಯಾನ್ಸರ್ ಜೀವಕೋಶಗಳು ಉಳಿದ ಸ್ತನದಲ್ಲಿ ಇರಬಹುದು. ಅವನ್ನು ಕಿರಣ ಬಿಟ್ಟು ಸಾಯಿಸುವುದೇ ರೇಡಿಯೇಷನ್. ಅಮೆರಿಕದ ಸರ್ಜನ್ ಬರ್ನಾರ್ಡ್ ಫಿಶರ್ ಅವರ ತಂಡ 1976ರಲ್ಲಿ ಒಂದು ಅಧ್ಯಯನ ಶುರುಮಾಡಿ, 20 ವರ್ಷದ ಫಲಿತಾಂಶ ಕೊಟ್ಟಿತು. ಗಡ್ಡೆ ಮಾತ್ರ ತೆಗೆಸಿಕೊಂಡವರಲ್ಲಿ ಶೇ 39 ಮಂದಿಗೆ ಅದೇ ಸ್ತನದಲ್ಲಿ ಕ್ಯಾನ್ಸರ್ ಮರಳಿತ್ತು. ರೇಡಿಯೇಷನ್ ಕೂಡ ಪಡೆದವರಲ್ಲಿ ಶೇ 14. ಇಡೀ ಸ್ತನ ತೆಗೆಸಿಕೊಂಡವರು ಇವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಹಾಗಾಗಿ ರೇಡಿಯೇಷನ್ ಹೆಚ್ಚುವರಿ ಚಿಕಿತ್ಸೆಯಲ್ಲ, ಆಪರೇಷನ್ನಿನ ಉಳಿದರ್ಧ.

(ತೆರೆಯ ಮೇಲೆ: 25 – 15 – 5)

ಮೊದಲು 5 ವಾರ, 25 ಸಿಟ್ಟಿಂಗ್, ಅಂದರೆ 25 ಸಲ ಕಿರಣ ಕೊಡುವುದು, ಇರುತ್ತಿತ್ತು. ಆಮೇಲೆ 3 ವಾರದಲ್ಲಿ 15 ಸಾಕು ಎಂದು ಗೊತ್ತಾಯಿತು. 2020ರಲ್ಲಿ ಬ್ರಿಟನ್ನಿನ ಅಧ್ಯಯನವೊಂದು, ಆಯ್ದ ರೋಗಿಗಳಿಗೆ ಒಂದೇ ವಾರದಲ್ಲಿ 5 ಸಿಟ್ಟಿಂಗ್ ಕೂಡ ಅಷ್ಟೇ ಕೆಲಸ ಮಾಡುತ್ತದೆ ಎಂದು ತೋರಿಸಿತು. ನನಗೆ ಇದು ಬಹಳ ದೊಡ್ಡ ವಿಷಯ. ದೂರದ ಊರಿನಿಂದ ಬೆಂಗಳೂರಿಗೆ ಬಂದು ರೂಮು ಮಾಡಿಕೊಂಡಿರುವ ಕೂಲಿಯ ಹೆಣ್ಣುಮಗಳಿಗೆ 5 ವಾರ ಎಂದರೆ ಏನು, ಯೋಚಿಸಿ. ದುಡ್ಡು ಮುಗಿದು, ಮನೆ ಕಡೆ ಚಿಂತೆ ಹತ್ತಿ, ಅರ್ಧಕ್ಕೇ ಊರಿನ ಬಸ್ಸು ಹತ್ತುವಂತಾಗುತ್ತದೆ. ಅದಕ್ಕೇ ಮೊದಲ ದಿನವೇ ಕೇಳಿ: "ಡಾಕ್ಟ್ರೇ, ನನಗೆ ಎಷ್ಟು ಸಿಟ್ಟಿಂಗ್? ಕಡಿಮೆ ದಿನದ್ದು ಆಗುತ್ತಾ?"

ಮೆಷಿನ್ ಕೆಳಗೆ ಮಲಗುವುದು ಕೆಲವೇ ನಿಮಿಷ. ನೋವಿಲ್ಲ, ಶಾಕ್ ಹೊಡೆಯುವುದಿಲ್ಲ. ಎಡಗಡೆಯ ಸ್ತನವಾದರೆ ಉಸಿರು ಎಳೆದು ಹಿಡಿಯಲು ಹೇಳಬಹುದು, ಹೃದಯ ಕಿರಣದಿಂದ ದೂರ ಸರಿಯಲಿ ಅಂತ. ಚರ್ಮ ಕಪ್ಪಾಗುತ್ತದೆ, ಉರಿಯಬಹುದು, ಸುಸ್ತಾಗುತ್ತದೆ. ತಲೆಕೂದಲು ಉದುರುವುದು ಕೀಮೋದಿಂದ, ಅಂದರೆ ಕ್ಯಾನ್ಸರಿಗೆ ಕೊಡುವ ಔಷಧಿಯಿಂದ, ಇದರಿಂದಲ್ಲ. ಮನೆಗೆ ಬಂದು ಮೊಮ್ಮಗುವನ್ನು ಎತ್ತಿಕೊಳ್ಳಿ, ಮೈಯಲ್ಲಿ ಕಿರಣ ಉಳಿದಿರುವುದಿಲ್ಲ.

65 ದಾಟಿದ, ಗಡ್ಡೆ ಚಿಕ್ಕದಿದ್ದ, ಹಾರ್ಮೋನ್ ತಡೆಯುವ ಮಾತ್ರೆ ಕೆಲಸ ಮಾಡುವ ಕೆಲವರಿಗೆ ರೇಡಿಯೇಷನ್ ಬಿಡುವ ಆಯ್ಕೆ ಇದೆ. ಅಂಥ ಕಡೆ ಆಯಸ್ಸಿನಲ್ಲಿ ವ್ಯತ್ಯಾಸ ಕಂಡಿಲ್ಲ, ಆದರೆ ಅದೇ ಸ್ತನದಲ್ಲಿ ಮರಳುವ ಸಾಧ್ಯತೆ ಹೆಚ್ಚು. ಇದನ್ನು ಡಾಕ್ಟರ ಜೊತೆ ಕೂತು ತೀರ್ಮಾನಿಸಬೇಕು, ಪಕ್ಕದ ಮನೆಯವರ ಮಾತು ಕೇಳಿ ಅಲ್ಲ.

ಇನ್ನೊಂದು: ಮೈಮೇಲೆ ಗುರುತಿನ ಗೆರೆ ಹಾಕಿ ಕಳಿಸಿದ್ದರೆ, ಸ್ನಾನದಲ್ಲಿ ಉಜ್ಜಿ ತೆಗೆಯಬೇಡಿ. ಮರುದಿನ ಕಿರಣ ಬಿಡುವುದು ಆ ಗೆರೆ ನೋಡಿಕೊಂಡೇ.