ಪಂಪಿಂಗ್ ಎಕೋದಲ್ಲಿ 55, ಎಂಆರ್‌ಐನಲ್ಲಿ 48: ಯಾವುದನ್ನು ನಂಬೋದು?

[ತೆರೆ: ಎಕೋ ರಿಪೋರ್ಟ್, ‘ಎಲ್‌ವಿಇಎಫ್ 60%’ ಸಾಲಿನ ಸುತ್ತ ಕೆಂಪು ವೃತ್ತ]

“ಪಂಪಿಂಗ್ 60 ಅಂತೆ. ಹಾಗಾದ್ರೆ ಉಳಿದ 40 ಕೆಟ್ಟೋಯ್ತಾ?”

ಇಲ್ಲ. ಎಡ ಹೃತ್ಕುಕ್ಷಿ (ಹೃದಯದ ಕೆಳಗಿನ ಎಡ ಕೋಣೆ, ಮುಂದೆ ಬರೀ ‘ಕುಹರ’ ಅನ್ನೋಣ) ಪೂರ್ತಿ ತುಂಬಿದಾಗ 120 ಎಂಎಲ್ ರಕ್ತ ಇದೆ, ಹಿಂಡಿದ ಮೇಲೆ 50 ಎಂಎಲ್ ಒಳಗೇ ಉಳೀತು ಅಂದ್ಕೊಳ್ಳಿ. ಹೊರಗೆ ಹೋದದ್ದು 70. ಎಪ್ಪತ್ತನ್ನು 120ರಿಂದ ಭಾಗಿಸಿದರೆ ಸುಮಾರು 58%. ಪ್ರತಿ ಬಡಿತಕ್ಕೆ ಹೊರಹೋಗುವ ಈ ಪಾಲೇ ಇಎಫ್; ಎಡ ಹೃತ್ಕುಕ್ಷಿಯದಾದರೆ ಎಲ್‌ವಿಇಎಫ್. ಗಟ್ಟಿಮುಟ್ಟಾದ ಹೃದಯವೂ ಪೂರ್ತಿ ಖಾಲಿಯಾಗಲ್ಲ. ಎಕೋದಲ್ಲಿ, ಅಂದ್ರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಗಂಡಸರಿಗೆ 52ರಿಂದ 72, ಹೆಂಗಸರಿಗೆ 54ರಿಂದ 74 ಸಹಜ.

[ಆನಿಮೇಷನ್: ಕುಹರವನ್ನು ಬಿಲ್ಲೆಗಳಾಗಿ ಕತ್ತರಿಸುವುದು]

ಎಕೋದಲ್ಲಿ ಅಳೆಯುವ ಸರಿಯಾದ ಕ್ರಮ ಬೈಪ್ಲೇನ್ ಸಿಂಪ್ಸನ್. ಹೃದಯದ ತುದಿಯ ಕಡೆಯಿಂದ ಎರಡು ನೋಟ: ನಾಲ್ಕು ಕೋಣೆಯದು, ಎರಡು ಕೋಣೆಯದು. ಒಳಗೋಡೆಯ ಗೆರೆ ಎಳೆದರೆ ಮಷೀನು ಕುಹರವನ್ನು 20 ಬಿಲ್ಲೆಗಳಾಗಿ ಕತ್ತರಿಸಿ ಗಾತ್ರ ಕೂಡಿಸುತ್ತೆ.

ಎಡವಟ್ಟಾಗೋದು ಎಲ್ಲಿ? ಪ್ರೋಬ್ ಸ್ವಲ್ಪ ಮೇಲಿನ ಪಕ್ಕೆಲುಬಿನ ಸಂದಿಗೆ ಹೋದರೆ ಸಾಕು, ನಿಜವಾದ ತುದಿ ಚಿತ್ರದಿಂದ ತಪ್ಪುತ್ತೆ. ಕುಹರ ಗಿಡ್ಡ, ಗುಂಡಗೆ ಕಾಣುತ್ತೆ. ಗಾತ್ರ ಕಮ್ಮಿ ಬರುತ್ತೆ, ಇಎಫ್ ಸಾಮಾನ್ಯವಾಗಿ ಇರೋದಕ್ಕಿಂತ ಚೆನ್ನಾಗಿ ಬರುತ್ತೆ. ಎರಡೂ ನೋಟಗಳಲ್ಲಿ ಕುಹರದ ಉದ್ದ ಶೇ. 10ಕ್ಕಿಂತ ಹೆಚ್ಚು ಬೇರೆ ಬಂದರೆ ಆ ಅಳತೆ ಬಿಟ್ಟು ಮತ್ತೆ ಚಿತ್ರ ತೆಗೀಬೇಕು. ಅಕ್ಕಪಕ್ಕದ ಎರಡು ಭಾಗಗಳ ಗೋಡೆ ಕಾಣದಿದ್ದರೆ, ಅದು ಸ್ಪಷ್ಟವಾಗಿ ಕಾಣೋ ಹಾಗೆ ಮಾಡುವ ಕಾಂಟ್ರಾಸ್ಟ್ ಔಷಧಿ ಕೊಡಬೇಕು. ಬಡಿತ ಏರುಪೇರಾಗಿದ್ದರೆ ಐದು ಬಡಿತಗಳ ಸರಾಸರಿ.

ಇನ್ನೊಂದು ಮಾತು: 55, 60 ಅಂತ ದುಂಡು ಸಂಖ್ಯೆ ಕಂಡರೆ, ಅದು ಬಹುತೇಕ ಕಣ್ಣಂದಾಜು. ಅನುಭವಿ ಕಣ್ಣಾದರೆ ತಪ್ಪೇನಿಲ್ಲ, ಆದರೆ ಅದು ಅಳತೆ ಅಲ್ಲ.

[ತೆರೆ: ಎಂಆರ್‌ಐ ಅಡ್ಡಸೀಳಿಕೆಗಳು]

ಎಂಆರ್‌ಐಗೆ ಆಕಾರ ಊಹಿಸುವ ಗೋಜಿಲ್ಲ. ಬುಡದಿಂದ ತುದಿವರೆಗೆ ಸಾಮಾನ್ಯವಾಗಿ 8 ಎಂಎಂ ದಪ್ಪದ ಚೂರುಗಳು, ಉಸಿರು ಬಿಗಿಹಿಡಿದು. ಒಳಗಿನ ಸ್ನಾಯುಎಳೆಗಳ ಸಂದಿಯ ರಕ್ತವೂ ಲೆಕ್ಕಕ್ಕೆ ಬರೋದರಿಂದ ಗಾತ್ರ ಎಕೋಗಿಂತ ದೊಡ್ಡದೇ ಬರುತ್ತೆ. ಇಲ್ಲಿನ ತಲೆನೋವು ಬುಡದ ಚೂರು: ಅದು ಕುಹರವೋ, ಮೇಲಿನ ಹೃತ್ಕರ್ಣವೋ? ಅದೊಂದನ್ನು ತಪ್ಪಾಗಿ ಸೇರಿಸಿದರೂ ಲೆಕ್ಕ ಕೆಡುತ್ತೆ.

ಇಎಫ್ ಅಳೆಯುವ ಮೂರನೇ ದಾರಿ ಮುಗಾ ಸ್ಕ್ಯಾನ್. ಇದರಲ್ಲಿ ಕೆಂಪು ರಕ್ತಕಣಗಳಿಗೆ ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಅಂಟಿಸಿ, ಕುಹರದಿಂದ ಬರುವ ಗಾಮಾ ಕಿರಣಗಳನ್ನು ಎಣಿಸ್ತಾರೆ. ಸಂಖ್ಯೆ ಮತ್ತೆ ಮತ್ತೆ ಅಳೆದರೂ ಹೆಚ್ಚು ಅಲುಗಲ್ಲ. ವಿಕಿರಣ ಮಾತ್ರ ತಪ್ಪಿದ್ದಲ್ಲ, ಕವಾಟದ ವಿಷಯವೂ ತಿಳಿಯಲ್ಲ.

ಹಾಗಾಗಿ ಎಕೋದ 55ರಿಂದ ಎಂಆರ್‌ಐನ 48ಕ್ಕೆ “ಏಳು ಪಾಯಿಂಟ್ ಇಳೀತು” ಅನ್ನೋ ಹಾಗಿಲ್ಲ. ಕೀಮೋ ನಡೀತಿದ್ದು ಹೃದಯದ ಮೇಲೆ ಕಣ್ಣಿಟ್ಟಿದ್ದರೆ, ಮೊದಲು ಮಾಡಿಸಿದ ವಿಧಾನದಲ್ಲೇ, ಸಾಧ್ಯವಾದರೆ ಅದೇ ಲ್ಯಾಬಿನಲ್ಲೇ ಮುಂದುವರಿಸಿ. 2ಡಿ ಎಕೋದಲ್ಲಿ ಬರೀ ಅಳತೆಯ ವ್ಯತ್ಯಾಸವೇ ಹತ್ತು ಪಾಯಿಂಟ್ ಆಗಬಹುದು. 3ಡಿಯಲ್ಲಿ ಅದು ಕಡಿಮೆ.

[ತೆರೆ: ಸೋರುತ್ತಿರುವ ಮೈಟ್ರಲ್ ಕವಾಟ]

ಇಷ್ಟೆಲ್ಲ ಸರಿಯಾಗಿ ಅಳೆದರೂ ಇಎಫ್ ಮೋಸ ಮಾಡೋ ಜಾಗ ಒಂದಿದೆ. ಮೈಟ್ರಲ್ ಕವಾಟ (ಎಡ ಹೃತ್ಕರ್ಣಕ್ಕೂ ಕುಹರಕ್ಕೂ ನಡುವಿನ ಬಾಗಿಲು) ಜೋರಾಗಿ ಸೋರುವಾಗ, ಹಿಂದಕ್ಕೆ ಹೋದ ರಕ್ತವೂ ‘ಪಂಪ್ ಆದ’ ಲೆಕ್ಕಕ್ಕೇ ಸೇರುತ್ತೆ. ಕವಾಟವೇ ಕೆಟ್ಟು ತೀವ್ರವಾಗಿ ಸೋರುತ್ತಿರುವ ಅಂಥವರಲ್ಲಿ, ಆ 60ಕ್ಕೇ ಆಪರೇಷನ್ ಮಾತು ಶುರುವಾಗುತ್ತೆ.