ಮಿಕ್ಸ್ ಆಫ್ರಿಕನ್ ಟ್ಯಾಂಕಿನಿಂದ ಒಂದು ಮೀನನ್ನೂ ತರಬೇಡಿ

ಅಕ್ವೇರಿಯಂ ಅಂಗಡಿಗೆ ಹೋಗಿ ಆಫ್ರಿಕನ್ ಸಿಕ್ಲಿಡ್ ಇದೆಯಾ ಅಂತ ಕೇಳಿ ನೋಡಿ. ಸಿಕ್ಲಿಡ್ ಅನ್ನೋದು ಮೀನುಗಳ ಒಂದು ಕುಟುಂಬದ ಹೆಸರು. ಒಂದು ಟ್ಯಾಂಕ್ ತೋರಿಸುತ್ತಾರೆ. ಹಳದಿ, ನೀಲಿ, ಕಿತ್ತಳೆ, ಪಟ್ಟೆ ಪಟ್ಟೆ, ಎಲ್ಲಾ ಒಂದೂವರೆ ಇಂಚಿನ ಮರಿಗಳು, ಎಲ್ಲಕ್ಕೂ ಒಂದೇ ರೇಟು. ಗಾಜಿನ ಮೇಲೆ ಮಿಕ್ಸ್ ಆಫ್ರಿಕನ್ ಅಂತ ಬರೆದಿರುತ್ತದೆ. ಇವತ್ತು ನಾನು ಹೇಳಲು ಬಂದಿರೋದು ಒಂದೇ ಮಾತು. ನೀವು ಮೊದಲ ಸಲ ಸಿಕ್ಲಿಡ್ ಸಾಕುತ್ತಿದ್ದರೆ ಆ ಟ್ಯಾಂಕಿನಿಂದ ಒಂದು ಮೀನನ್ನೂ ಮನೆಗೆ ತರಬೇಡಿ.

ಅಂಗಡಿಯಲ್ಲಿ ಎಲ್ಲವೂ ಒಟ್ಟಿಗೆ ಚೆನ್ನಾಗೇ ಇವೆಯಲ್ಲ ಅಂತ ಕೇಳಬಹುದು. ಇರುತ್ತವೆ. ಯಾಕೆಂದರೆ ಅವು ಇನ್ನೂ ಬಲಿತಿಲ್ಲ, ಜೊತೆಗೆ ಅಲ್ಲಿ ಎಷ್ಟು ಕಿಕ್ಕಿರಿದಿವೆ ಅಂದರೆ ಇದು ನನ್ನ ಜಾಗ ಅಂತ ಹಿಡಿದುಕೊಳ್ಳಲು ಯಾವ ಮೀನಿಗೂ ಜಾಗವೇ ಇಲ್ಲ. ನಿಮ್ಮ ಮನೆಗೆ ಬಂದು ಕೆಲವು ತಿಂಗಳು ಕಳೆಯಲಿ, ಒಂದು ಗಂಡು ಒಂದು ಕಲ್ಲಿನ ಸಂದಿಯನ್ನು ತನ್ನದು ಮಾಡಿಕೊಳ್ಳುತ್ತದೆ. ಅಲ್ಲಿಂದ ಶುರು. ಏಟು ತಿನ್ನುತ್ತಿರುವ ಮೀನನ್ನು ಗುರುತು ಹಿಡಿಯೋದು ಕಷ್ಟವಲ್ಲ. ಮೇಲ್ಭಾಗದ ಮೂಲೆಯಲ್ಲಿ, ಹೀಟರ್ ಹಿಂದೆಯೋ ಫಿಲ್ಟರ್ ಪೈಪಿನ ಹಿಂದೆಯೋ, ರೆಕ್ಕೆ ಮಡಚಿಕೊಂಡು ಅಲುಗದೆ ನಿಂತಿರುತ್ತದೆ. ಬಾಲದ ಅಂಚು ಹರಿದಿರುತ್ತದೆ. ಮೈಯಲ್ಲಿ ಒಂದೆರಡು ಕಡೆ ಹುರುಪೆ ಕಿತ್ತು ಬೆಳ್ಳಗೆ ಕಾಣುತ್ತದೆ. ಊಟ ಹಾಕಿದರೂ ಆ ಮೂಲೆ ಬಿಟ್ಟು ಬರಲ್ಲ. ಸರೋವರದಲ್ಲಾದರೆ ಸೋತ ಮೀನು ಈಜಿಕೊಂಡು ದೂರ ಹೋಗುತ್ತದೆ, ಗಾಜಿನ ಪೆಟ್ಟಿಗೆಯಲ್ಲಿ ಎಲ್ಲಿಗೆ ಹೋಗಬೇಕು? ಇದನ್ನು ನೋಡಿ "ಸಿಕ್ಲಿಡ್ ಅಂದರೆ ಹೀಗೇನೇ, ಕಚ್ಚಾಡುತ್ತವೆ" ಅಂತ ಸುಮ್ನೆ ಬಿಟ್ಟುಬಿಡುವವರನ್ನು ಕಂಡರೆ ನನಗೆ ನಿಜವಾಗಿ ಸಿಟ್ಟು ಬರುತ್ತದೆ. ಬಹುಪಾಲು ಸಲ ತಪ್ಪು ಮೀನಿನದ್ದಲ್ಲ, ಆಯ್ಕೆಯದ್ದು.

ನಮ್ಮ ಅಂಗಡಿಗಳಲ್ಲಿ ಸಿಗುವ ಆಫ್ರಿಕನ್ ಸಿಕ್ಲಿಡ್‌ಗಳಲ್ಲಿ ಹೆಚ್ಚಿನವು ಮಲಾವಿ ಸರೋವರದ ಮೂಲದವು. ಮಲಾವಿ, ಮೊಜಾಂಬಿಕ್, ತಾಂಜಾನಿಯಾ ಮೂರೂ ದೇಶಕ್ಕೆ ಸೇರಿದ, ಸುಮಾರು 580 ಕಿಲೋಮೀಟರ್ ಉದ್ದದ ಸರೋವರ ಅದು. ಅಲ್ಲಿ ನೂರಾರು ಜಾತಿಯ ಸಿಕ್ಲಿಡ್‌ಗಳಿವೆ. ದಡದ ಬಂಡೆಗಳ ನಡುವೆ ಪಾಚಿ ಕೆರೆದು ತಿಂದು ಬದುಕುವ ಗುಂಪು ಎಂಬುನಾ. ಮರಳಿನ ಹತ್ತಿರ ಹುಳುಹುಪ್ಪಟೆ ಹುಡುಕಿಕೊಂಡು ಸಮಾಧಾನವಾಗಿ ಓಡಾಡುವವು ಪೀಕಾಕ್‌ಗಳು. ಒಂದೇ ಸರೋವರದವು ಅಂತ ಇವೆರಡನ್ನೂ ಸೇರಿಸುತ್ತಾರೆ, ಪೀಕಾಕ್ ಪಾಪ ಊಟಕ್ಕೂ ಮುಂದೆ ಬರಲಾಗದೆ ಬಣ್ಣ ಕಳೆದುಕೊಳ್ಳುತ್ತದೆ. ಶುರು ಮಾಡುವವರಿಗೆ ನನ್ನ ಸಲಹೆ, ಎಂಬುನಾ ಮಾತ್ರ ಇಡಿ, ಅದರಲ್ಲೂ ಮೂರೇ ಜಾತಿ ಸಾಕು.

ಯೆಲ್ಲೋ ಲ್ಯಾಬ್, ರಸ್ಟಿ, ಏಸಿ. 4 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್, ಅಂದರೆ ಹತ್ತಿರ ಹತ್ತಿರ 250 ಲೀಟರ್. ಒಂದೊಂದು ಜಾತಿಯದ್ದೂ ಐದಾರು ಮರಿ. ಲ್ಯಾಬ್ ಹಳದಿ, ರಸ್ಟಿ ನೇರಳೆ ಕಂದು, ಏಸಿ ನೀಲಿ ಮೈಗೆ ಹಳದಿ ಬಾಲ, ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಇದು ಬರೀ ಚೆಂದಕ್ಕಲ್ಲ. ಗಂಡು ಎಂಬುನಾ ತನ್ನ ಥರ ಕಾಣುವ ಮೀನಿನ ಮೇಲೇ ಜಾಸ್ತಿ ಏರಿ ಹೋಗುತ್ತದೆ, ಹಾಗಾಗಿ ಹೋಲಿಕೆ ಕಮ್ಮಿ ಇದ್ದಷ್ಟೂ ಜಗಳ ಕಮ್ಮಿ. ಏಸಿ ಹೆಚ್ಚಾಗಿ ನೀರಿನ ಮಧ್ಯೆ, ಮೇಲೆ ಗುಂಪಾಗಿ ಈಜುತ್ತದೆ, ಕಲ್ಲಿನ ಸಂದಿಗೆ ಪೈಪೋಟಿಗೆ ಬರಲ್ಲ. ಲ್ಯಾಬ್ ಜೊತೆ ರೆಡ್ ಜೀಬ್ರಾ ಅನ್ನುವ ಇನ್ನೊಂದು ಎಂಬುನಾ ಇಡುವ ಆಸೆ ತುಂಬಾ ಜನಕ್ಕೆ ಇರುತ್ತದೆ, ಬೇಡ. ಎರಡೂ ಸುಲಭವಾಗಿ ಕೂಡಿ ಮಿಶ್ರತಳಿ ಮರಿ ಮಾಡುತ್ತವೆ, ಆ ಮರಿ ಮತ್ತೆ ಇಂಥದ್ದೇ ಯಾವುದೋ ಮಿಕ್ಸ್ ಟ್ಯಾಂಕ್ ಸೇರುತ್ತದೆ.

ಇಷ್ಟು ದೊಡ್ಡದು ಬೇಡ, 3 ಅಡಿ ಟ್ಯಾಂಕ್ ಇದೆ ಅನ್ನುವವರು ಸಾಲೋಸಿ ಒಂದೇ ಜಾತಿ ಇಡಿ. ಹೆಣ್ಣು ಹಳದಿ, ಬಲಿತ ಗಂಡು ನೀಲಿ ಮೈಗೆ ಕಪ್ಪು ಪಟ್ಟೆ, ನೋಡಿದವರು ಎರಡು ಜಾತಿ ಅಂದುಕೊಳ್ಳುತ್ತಾರೆ. ಮಲಾವಿಯಲ್ಲಿ ಈ ಮೀನು ಇರೋದು ಟೈವಾನ್ ರೀಫ್ ಅನ್ನುವ ಒಂದು ಸಣ್ಣ ಜಾಗದಲ್ಲಿ, ಅಕ್ವೇರಿಯಂಗೆ ಅಂತಲೇ ಹಿಡಿದು ಹಿಡಿದು ಅಲ್ಲಿ ಅಳಿವಿನ ಅಂಚಿಗೆ ಬಂದಿದೆ. ಹಾಗಾಗಿ ಸಾಕಣೆಯಲ್ಲಿ ಹುಟ್ಟಿದ, ಮಿಶ್ರತಳಿಯಲ್ಲದ ಮರಿಯನ್ನೇ ಹುಡುಕಿ ತನ್ನಿ. 2 ಅಡಿ ಟ್ಯಾಂಕ್‌ನಲ್ಲಿ ಯಾವ ಎಂಬುನಾನೂ ಬೇಡ. ಅದಕ್ಕೆ ಟ್ಯಾಂಗನಿಕಾ ಸರೋವರದ ಶೆಲ್ ಡ್ವೆಲ್ಲರ್ ಇದೆ, ಎರಡು ಇಂಚೂ ಇಲ್ಲದ ಮೀನು, ಮರಳಿನ ಮೇಲೆ ಖಾಲಿ ಬಸವನಹುಳುವಿನ ಚಿಪ್ಪು ಹಾಕಿಕೊಟ್ಟರೆ ಅದರೊಳಗೇ ಸಂಸಾರ ಮಾಡುತ್ತದೆ.

ಯಾವುದು ಬೇಡ ಅಂತಲೂ ಹೇಳಿಬಿಡುತ್ತೇನೆ. ಆರಾಟಸ್ ಮತ್ತು ಕೆನ್ಯಿ. ಮಿಕ್ಸ್ ಟ್ಯಾಂಕಿನಲ್ಲಿ ಎಲ್ಲರ ಕಣ್ಣು ಮೊದಲು ಹೋಗೋದೇ ಇವುಗಳ ಮೇಲೆ. ಆರಾಟಸ್ ಮರಿಗೆ ಹಳದಿ ಮೈಗೆ ಉದ್ದುದ್ದ ಕಪ್ಪು ಬಿಳಿ ಗೆರೆ, ಗಂಡಾಗಿದ್ದರೆ ಬಲಿತ ಮೇಲೆ ಆ ಹಳದಿ ಹೋಗಿ ಮೈ ಕಪ್ಪಾಗುತ್ತದೆ. ಕೆನ್ಯಿ ಮರಿ ನೀಲಿ, ಗಂಡು ದೊಡ್ಡದಾಗುತ್ತಾ ಹಳದಿ ಆಗುತ್ತದೆ, ಎಷ್ಟೋ ಜನ ಅದನ್ನೇ ಯೆಲ್ಲೋ ಲ್ಯಾಬ್ ಅಂದುಕೊಂಡಿರುತ್ತಾರೆ. ಎರಡೂ ಸುಂದರ ಮೀನುಗಳೇ, ಆದರೆ ಸಣ್ಣ ಟ್ಯಾಂಕಿನಲ್ಲಿ ಉಳಿದವನ್ನು ಬದುಕಲು ಬಿಡಲ್ಲ. ಡೆಮಸೋನಿ ಅನ್ನುವ ಎಂಬುನಾನೂ ಮೊದಲ ಟ್ಯಾಂಕಿಗಲ್ಲ, ತನ್ನ ಜಾತಿಯವನ್ನೇ ಕೊಲ್ಲುತ್ತದೆ, ಡಜನ್‌ಗಿಂತ ಹೆಚ್ಚು ಇಟ್ಟರಷ್ಟೇ ಸಂಭಾಳಿಸಬಹುದು.

ನೀರಿನ ವಿಷಯದಲ್ಲಿ ನಮ್ಮವರಿಗೆ ಒಂದು ಅನುಕೂಲ ಇದೆ. ಬೆಂಗಳೂರು, ಕೋಲಾರದ ಕಡೆಯ ಬೋರ್‌ವೆಲ್ ನೀರು ಸಾಮಾನ್ಯವಾಗಿ ಗಡಸು, ಈ ಮೀನಿಗೆ ಅದೇ ಹಿತ. ಪಿಎಚ್, ಅಂದರೆ ನೀರಿನ ಆಮ್ಲ ಕ್ಷಾರದ ಅಳತೆ, 7.8ರಿಂದ 8.6ರ ಒಳಗಿದ್ದರೆ ಸಾಕು. ಮೀನಿಗೆ ಒಳ್ಳೇದು ಅಂತ ಆರ್‌ಓ ನೀರು ತುಂಬಬೇಡಿ, ಬೇಕಾದ ಲವಣವೆಲ್ಲ ಅದರಲ್ಲಿ ಹೋಗಿರುತ್ತದೆ. ಆದರೆ ಪಿಎಚ್ ಜಾಸ್ತಿ ಇರುವ ನೀರಿಗೆ ಒಂದು ಅಪಾಯ ಇದೆ, ಇದನ್ನು ಅಂಗಡಿಯಲ್ಲಿ ಹೇಳೋದು ಕಮ್ಮಿ. ಮೀನಿನ ಕಸದಿಂದ ಬರುವ ಅಮೋನಿಯಾ ಪಿಎಚ್ 7ರಲ್ಲಿ ನೂರಕ್ಕೆ ಒಂದು ಭಾಗವೂ ವಿಷದ ರೂಪದಲ್ಲಿರಲ್ಲ. 8.5ರಲ್ಲಿ, 25 ಡಿಗ್ರಿ ಬಿಸಿಯಲ್ಲಿ, ನೂರಕ್ಕೆ ಸುಮಾರು 15 ಭಾಗ ವಿಷವಾಗಿರುತ್ತದೆ. ಅದಕ್ಕೇ ಹೊಸ ಟ್ಯಾಂಕಿಗೆ ನೀರು ತುಂಬಿ ಮಾರನೇ ದಿನ ಸಿಕ್ಲಿಡ್ ಬಿಟ್ಟರೆ ಸಾಯುತ್ತವೆ. ಮೀನಿಲ್ಲದೆ ಸ್ವಲ್ಪ ಅಮೋನಿಯಾ ಹಾಕುತ್ತಾ ಫಿಲ್ಟರ್ ಓಡಿಸಿ, ಅಮೋನಿಯಾವನ್ನು ತಿಂದು ಇಲ್ಲವಾಗಿಸುವ ಬ್ಯಾಕ್ಟೀರಿಯಾ ಬೆಳೆಯಲು ನಾಲ್ಕರಿಂದ ಆರು ವಾರ ಕೊಡಿ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ಅದರಿಂದ ಆಗುವ ನೈಟ್ರೈಟ್ ಎರಡೂ ಸೊನ್ನೆ ಬಂದ ಮೇಲೆ ಮೂರೂ ಜಾತಿಯ ಮರಿಗಳನ್ನು ಒಟ್ಟಿಗೇ ಬಿಡಿ. ಒಂದೊಂದಾಗಿ ತಂದರೆ ಮೊದಲು ಬಂದದ್ದು ಯಜಮಾನ ಆಗಿಬಿಡುತ್ತದೆ.

ಕಲ್ಲು ಬೇಕಾದಷ್ಟು ಹಾಕಿ, ಗ್ರಾನೈಟ್ ಆಗುತ್ತದೆ. ಮರಳಿಗಿಂತ ಮೊದಲು ಕಲ್ಲು ಜೋಡಿಸಿ, ಇವು ಬುಡ ತೋಡುತ್ತವೆ, ಮೇಲಿನ ಕಲ್ಲು ಜಾರಿ ಗಾಜಿಗೆ ಬೀಳಬಹುದು. ಊಟಕ್ಕೆ ಸ್ಪಿರುಲಿನಾ ಅನ್ನುವ ಪಾಚಿ ಇರುವ ಪೆಲೆಟ್. ಬ್ಲಡ್‌ವರ್ಮ್ ಅನ್ನುವ ಕೆಂಪು ಹುಳು ದಿನಾ ಹಾಕಬೇಡಿ, ಪಾಚಿ ತಿನ್ನುವ ಮೀನಿನ ಉದ್ದನೆಯ ಕರುಳಿಗೆ ಅದು ಒಗ್ಗಲ್ಲ, ಹೊಟ್ಟೆ ಉಬ್ಬಿ ಸಾಯಬಹುದು.

ಎಲ್ಲಾ ಸರಿ ಹೋದರೆ ಒಂದು ದಿನ ಒಂದು ಹೆಣ್ಣು ಊಟ ಬಿಡುತ್ತದೆ. ಗಾಬರಿ ಬೇಡ. ಹತ್ತಿರ ಹೋಗಿ ಗಂಟಲು ನೋಡಿ, ಉಬ್ಬಿರುತ್ತದೆ, ಆಗಾಗ ಬಾಯಿ ಮುಕ್ಕಳಿಸಿದ ಹಾಗೆ ಅಲ್ಲಾಡಿಸುತ್ತದೆ. ಒಳಗೆ ಮೊಟ್ಟೆ ಇದೆ. ಸುಮಾರು ಮೂರು ವಾರ ಏನೂ ತಿನ್ನದೆ ಮರಿಗಳನ್ನು ಬಾಯಲ್ಲೇ ಕಾಪಾಡುತ್ತದೆ. ಇದನ್ನು ನೋಡಬೇಕು ಅಂತಲೇ ನಾನು ಈ ಮೀನು ಸಾಕಿ ಅನ್ನೋದು.

ಮರಿಯಾಗಿದ್ದಾಗ ಲ್ಯಾಬ್‌ನಲ್ಲಿ ಗಂಡು ಯಾವುದು, ಹೆಣ್ಣು ಯಾವುದು ಗೊತ್ತಾಗಲ್ಲ, ಹಾಗಾಗಿ ಬೆಳೆದ ಮೇಲೆ ಹೆಚ್ಚುವರಿ ಗಂಡು ಉಳಿದೇ ಉಳಿಯುತ್ತದೆ. ಒಂದು ಗಂಡಿಗೆ ಎರಡು ಮೂರು ಹೆಣ್ಣು ಇಟ್ಟುಕೊಂಡು ಉಳಿದ ಗಂಡನ್ನು ತೆಗೆಯಬೇಕಾಗುತ್ತದೆ. ಅದನ್ನು ಕೆರೆಗೆ ಮಾತ್ರ ಬಿಡಬೇಡಿ. ನಮ್ಮ ಕೆರೆಗಳ ಜಿಲೇಬಿ ಮೀನು, ಅಂದರೆ ತಿಲಾಪಿಯಾ, ಅದೂ ಆಫ್ರಿಕಾದ ಸಿಕ್ಲಿಡ್ಡೇ, 1952ರಲ್ಲಿ ಭಾರತಕ್ಕೆ ತಂದದ್ದು, ಈಗ ಎಲ್ಲಿ ಬಲೆ ಬೀಸಿದರೂ ಅದೇ ಬರುತ್ತದೆ, ಅಲ್ವಾ? ದಕ್ಷಿಣ ಕನ್ನಡದ ಹೊಳೆಗಳಲ್ಲಿ ನಮ್ಮದೇ ಸಿಕ್ಲಿಡ್ ಒಂದಿದೆ, ಕೆನರಾ ಪರ್ಲ್‌ಸ್ಪಾಟ್, ಅದಕ್ಕೆ ಇನ್ನೊಂದು ಪೈಪೋಟಿ ಬೇಡ. ಮರಿ ಕೊಳ್ಳುವ ದಿನವೇ ಅಂಗಡಿಯವರನ್ನು ಕೇಳಿಬಿಡಿ, ಗಂಡು ಜಾಸ್ತಿಯಾದರೆ ವಾಪಸ್ ತಗೊಳ್ಳುತ್ತೀರಾ ಅಂತ. ಇಲ್ಲ ಅಂದರೆ ಬೇರೆ ಅಂಗಡಿ ನೋಡಿ.